ಭೂಪಟದಲ್ಲಿಲ್ಲದ ಊರಿಗೆ ಅರಸಾಳಿನಲ್ಲೊಂದು ಸ್ಟೇಷನ್!

ಮೊದಲು ಈ ಒಂದು ಸಂಗತಿ ಕೇಳಿಬಿಡಿ, ಮಿಕ್ಕಿದ್ದೆಲ್ಲ ಆಮೇಲೆ. ಮಾಲ್ಗುಡಿ ಎಂಬ ಊರಿಗಿಂತ ಮೊದಲು ಹುಟ್ಟಿದ್ದು ಅದರ ರೈಲು ನಿಲ್ದಾಣ!

ಊರೇ ಇಲ್ಲ. ಮಾರ್ಕೆಟ್ ರೋಡ್ ಇಲ್ಲ, ಸರಯೂ ನದಿ ಇಲ್ಲ, ಆಲ್ಬರ್ಟ್ ಮಿಷನ್ ಸ್ಕೂಲ್ ಇಲ್ಲ, ಕಬೀರ್ ಸ್ಟ್ರೀಟ್ ಇಲ್ಲ. ಇರುವುದು ಒಂದು ಪುಟ್ಟ ಸ್ಟೇಷನ್ನು, ಅದರ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡುತ್ತಿರುವ ಒಬ್ಬ ಹುಡುಗ. ಓಡುತ್ತ ಓಡುತ್ತ ಅವನು ಪ್ರಯಾಣಿಕರ ಮುಖಗಳನ್ನು ಇಣುಕಿ ನೋಡುತ್ತಾನೆ, ಯಾವನೋ ಗಡ್ಡದವನನ್ನು ಕಂಡು ಮುಖ ಸೊಟ್ಟ ಮಾಡಿ ಅಣಕಿಸುತ್ತಾನೆ. 1930ರ ಸೆಪ್ಟೆಂಬರಿನ ಒಂದು ದಿನ, ಬೆಂಗಳೂರಿನ ಒಂದು ಕೋಣೆಯಲ್ಲಿ, ಅಜ್ಜಿ ಪಂಚಾಂಗ ನೋಡಿ ಒಳ್ಳೆಯ ದಿನ ಎಂದದ್ದಕ್ಕೆ ಹೊಸ ನೋಟ್‌ಬುಕ್ ತಂದು ಪೆನ್ನು ಕಚ್ಚುತ್ತ ಕೂತಿದ್ದ ಆರ್.ಕೆ. ನಾರಾಯಣ್ ಎಂಬ ಯುವಕನ ಕಣ್ಣೆದುರಿಗೆ ಇಷ್ಟು ಬಂದು ನಿಂತಿತು. ನಿಲ್ದಾಣ ಸಿದ್ಧವಾಗಿಯೇ ಬಂದಿತ್ತು. ಊರು ಅದರ ಹಿಂದಿನಿಂದ, ನಿಧಾನವಾಗಿ, ಒಂದೊಂದೇ ಬೀದಿಯಾಗಿ ಬಂತು. ಇದನ್ನು ಅವರೇ 'ಮೈ ಡೇಸ್' ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ.

ಇನ್ನೂ ಒಂದು ಮಜಾ ಇದೆ. ಆ ನೋಟ್‌ಬುಕ್ಕಿನಿಂದ ಹುಟ್ಟಿದ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಅಚ್ಚಾಗಿ ಬಂತಲ್ಲ, ಅದನ್ನು ತೆರೆದು ನೋಡಿ. ಮೊದಲ ಪುಟದಲ್ಲಿ ರೈಲೂ ಇಲ್ಲ, ಸ್ಟೇಷನ್ನೂ ಇಲ್ಲ. ಇರುವುದು ಸೋಮವಾರದ ಬೆಳಗು, ಸ್ಕೂಲಿಗೆ ಹೋಗಲು ಬೇಜಾರು. ಹಾಗಾದರೆ ಮೊಟ್ಟಮೊದಲು ಕಂಡ ಆ ಪ್ಲಾಟ್‌ಫಾರ್ಮ್ ಎಲ್ಲಿ ಹೋಯಿತು? ಪುಟ ತಿರುವುತ್ತ ಹೋಗಿ, ಕ್ರಿಕೆಟ್ಟು, ಜಗಳ, ಹೆಡ್‌ಮಾಸ್ಟರರ ಬೆತ್ತ, ಮನೆ ಬಿಟ್ಟು ಓಡಿಹೋಗಿದ್ದು ಎಲ್ಲ ದಾಟಿದ ಮೇಲೆ ಕಾದಂಬರಿಯ ಕೊಟ್ಟಕೊನೆಯಲ್ಲಿ ಸಿಗುತ್ತದೆ! ಸ್ವಾಮಿಯ ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಸ್ವಾಮಿ ಅವನಿಗೆ ಕೊಡಲೆಂದು ಆ್ಯಂಡರ್ಸನ್ ಕಥೆಗಳ ಪುಸ್ತಕ ಹಿಡಿದು ಮಾಲ್ಗುಡಿ ಸ್ಟೇಷನ್ನಿಗೆ ಬಂದಿದ್ದಾನೆ, ರೈಲು ಹೊರಡುತ್ತಿದೆ. ನಾರಾಯಣರ ಮನಸ್ಸಿಗೆ ಮೊದಲು ಬಂದ ದೃಶ್ಯದ ಜಾಗವೇ ಕಥೆಗೆ ಕೊನೆಯ ಜಾಗವಾಯಿತು.

ಈಗ ಬೆಂಗಳೂರಿನ ಆ ಕೋಣೆಯಿಂದ ಎದ್ದು ಮಲೆನಾಡಿಗೆ ಬನ್ನಿ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಆಮೇಲೆ ಮೂರು ದಶಕ ಹಳಿಗಳು ಅಲ್ಲೇ ನಿಂತಿದ್ದವು. ಶಿವಮೊಗ್ಗದಿಂದಾಚೆ ಕಾಡು, ಅಡಿಕೆ ತೋಟ, ಗದ್ದೆ, ಮತ್ತೆ ಕಾಡು. ಮೈಸೂರು ಸಂಸ್ಥಾನದ ರೈಲ್ವೆ ಕೊನೆಗೂ ಆ ಕಾಡಿಗೆ ಕೈ ಹಾಕಿದ್ದು ಯಾವಾಗ ಗೊತ್ತೇ? ನಾರಾಯಣ್ ಮಾಲ್ಗುಡಿಯನ್ನು ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ! ಅತ್ತ 'ಸ್ವಾಮಿ ಅಂಡ್ ಫ್ರೆಂಡ್ಸ್', 1937ರಲ್ಲಿ 'ದಿ ಬ್ಯಾಚುಲರ್ ಆಫ್ ಆರ್ಟ್ಸ್', 1938ರಲ್ಲಿ 'ದಿ ಡಾರ್ಕ್ ರೂಮ್' ಎಂದು ಪುಸ್ತಕಗಳು ಬರುತ್ತಿದ್ದರೆ, ಇತ್ತ ಮೀಟರ್‌ಗೇಜ್ ಹಳಿ ಕುಂಸಿ, ಅರಸಾಳು, ಆನಂದಪುರ, ಸಾಗರ ಎಂದು ಒಂದೊಂದೇ ಊರು ಮುಟ್ಟುತ್ತ ಸಾಗಿ 1940ರಲ್ಲಿ ತಾಳಗುಪ್ಪ ತಲುಪಿತು. ಜೋಗ ಜಲಪಾತಕ್ಕೆ ಹತ್ತಿರದ ಸ್ಟೇಷನ್ ಅದೇ. ಅಲ್ಲಿಂದ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗಬೇಕೆಂಬ ಆಸೆ ಇಂದಿಗೂ ಆಸೆಯಾಗಿಯೇ ಉಳಿದಿದೆ, ಆ ಕಥೆ ಬೇರೆ.

ನಾರಾಯಣರಿಗೆ ಅರಸಾಳು ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಹೇಳುವುದಕ್ಕೆ ಆಧಾರವೂ ಇಲ್ಲ, ಅಗತ್ಯವೂ ಇಲ್ಲ. ಒಂದೇ ಸಂಸ್ಥಾನದಲ್ಲಿ, ಒಂದೇ ದಶಕದಲ್ಲಿ, ಒಂದು ಸ್ಟೇಷನ್ ಕಾಗದದ ಮೇಲೆ ಎದ್ದಿತು, ಇನ್ನೊಂದು ಕಾಡಿನ ನಡುವೆ ಎದ್ದಿತು. ಒಂದಕ್ಕೊಂದು ಪರಿಚಯವಿಲ್ಲ. ಇವೆರಡೂ ಭೇಟಿಯಾಗಲು ಅರ್ಧ ಶತಮಾನ ಹಿಡಿಯಿತು, ಭೇಟಿ ಮಾಡಿಸಲು ಶಂಕರ್ ನಾಗ್ ಎಂಬ ಚಡಪಡಿಕೆಯ ಮನುಷ್ಯ ಬರಬೇಕಾಯಿತು. ನನ್ನ ಬೆರಗೆಲ್ಲ ಇದರ ಸುತ್ತಲೇ.

ಅದಕ್ಕೂ ಮೊದಲು ಮಾಲ್ಗುಡಿಗೆ ಒಂದು ಪೆಟ್ಟು ಬಿದ್ದಿತ್ತು. 1958ರ 'ದಿ ಗೈಡ್' ಕಾದಂಬರಿಯ ನಾಯಕನನ್ನು ಊರವರು ಕರೆಯುವುದೇ ರೈಲ್ವೆ ರಾಜು ಎಂದು. ಮಾಲ್ಗುಡಿಗೆ ಹಳಿ ಬರುವಾಗ ಸುರಿದ ಮಣ್ಣಿನ ಗುಡ್ಡೆಗಳ ಮೇಲೆ ಆಡಿ ಬೆಳೆದ ಹುಡುಗ ಅವನು. ಅಪ್ಪನಿಗೆ ಸ್ಟೇಷನ್ನಿನಲ್ಲಿ ಅಂಗಡಿ ಸಿಗುತ್ತದೆ, ಮುಂದೆ ಅದು ಮಗನ ಕೈಗೆ ಬರುತ್ತದೆ. ಇಳಿದ ಪ್ರಯಾಣಿಕರು ಅದೆಲ್ಲಿ, ಇದೆಲ್ಲಿ ಎಂದು ಕೇಳುತ್ತಾರೆ, ಇವನು ಹೇಳುತ್ತ ಹೇಳುತ್ತ ಗೈಡ್ ಆಗಿಬಿಡುತ್ತಾನೆ. ಆ ಸ್ಟೇಷನ್ ಇಲ್ಲದಿದ್ದರೆ ಆ ಕಾದಂಬರಿಯೇ ಇಲ್ಲ! ಸಿನಿಮಾ ಮಾಡುತ್ತೇವೆಂದು ಬಂದವರನ್ನು ನಾರಾಯಣ್ ಉತ್ಸಾಹದಿಂದ ಮೈಸೂರಿನ ಸುತ್ತ ಕರೆದುಕೊಂಡು ಹೋಗಿ, ನದಿಯ ಮೆಟ್ಟಿಲು, ಗುಡಿ, ಹಳ್ಳಿ ಎಲ್ಲ ತೋರಿಸಿದರು. ಅವರು ನೋಡಿದರು, ಮೆಚ್ಚಿದರು, ಹೋಗಿ ರಾಜಸ್ಥಾನದಲ್ಲಿ ಚಿತ್ರೀಕರಿಸಿದರು. 1965ರಲ್ಲಿ ದೇವ್ ಆನಂದರ 'ಗೈಡ್' ಬಂತು, ಅದ್ಭುತವಾಗಿ ಓಡಿತು. ಅದರ ಹಾಡುಗಳನ್ನು ನಾನೂ ಕೇಳಿ ಕೇಳಿ ಸವೆಸಿದ್ದೇನೆ. ಆದರೆ ತಮ್ಮ ಪುಟ್ಟ ಊರು ಕಣ್ಣೆದುರೇ ಮಾಯವಾದದ್ದನ್ನು ನಾರಾಯಣ್ ಮರೆಯಲಿಲ್ಲ. ಆ ಸಂಕಟವನ್ನು ನಗೆಯಲ್ಲಿ ಅದ್ದಿ 'ಮಿಸ್‌ಗೈಡೆಡ್ ಗೈಡ್' ಎಂಬ ಪ್ರಬಂಧವನ್ನೇ ಬರೆದರು.

ಇಂಥ ಲೇಖಕರ ಊರನ್ನು ಮತ್ತೆ ಕ್ಯಾಮೆರಾ ಮುಂದೆ ಕಟ್ಟಬೇಕು. ಆಗಷ್ಟೇ ಮೂವತ್ತು ದಾಟಿದ್ದ ಶಂಕರ್ ನಾಗ್ ಹೂಂ ಎಂದರು. ಟಿ.ಎಸ್. ನರಸಿಂಹನ್ ನಿರ್ಮಾಪಕರು, ದೂರದರ್ಶನಕ್ಕೆ ಧಾರಾವಾಹಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಎಸ್. ರಾಮಚಂದ್ರ ಅವರ ಕ್ಯಾಮೆರಾ, ಎಲ್. ವೈದ್ಯನಾಥನ್ ಸಂಗೀತ, ಜಾನ್ ದೇವರಾಜ್ ಕಲಾ ನಿರ್ದೇಶನ, ಶೀರ್ಷಿಕೆಗೆ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಬೇರೆ ಬೇರೆ ಕಥೆಗಳಿಗೆ ಅನಂತ್ ನಾಗ್, ವಿಷ್ಣುವರ್ಧನ್, ಅರುಂಧತಿ ನಾಗ್. ಕನ್ನಡದ ಅರ್ಧ ರಂಗಭೂಮಿ, ಅರ್ಧ ಚಿತ್ರರಂಗ ಆಗುಂಬೆಗೆ ಬಂದು ಇಳಿಯಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು, ಎರಡೂ ಕಡೆ ಹಂಚಿನ ಮನೆಗಳ ಸಾಲು, ಜಗುಲಿಗಳು, ಒಂದೇ ಒಂದು ದೊಡ್ಡ ಬೀದಿ. ಆ ಬೀದಿಗೆ ನಾರಾಯಣರ ಕಥೆಗಳಲ್ಲಿನ ಸರ್ ಫ್ರೆಡರಿಕ್ ಲಾಲಿ ಪ್ರತಿಮೆಯೂ ಬಂತು. ದೊಡ್ಡಮನೆ ಎಂಬ ನೂರು ವರ್ಷ ಮೀರಿದ ಮನೆ ಸ್ವಾಮಿಯ ಮನೆಯಾಯಿತು. ಆಗುಂಬೆ ಮಾಲ್ಗುಡಿಯಾಯಿತು.

ಎಲ್ಲ ಸರಿ. ಆದರೆ ಸ್ಟೇಷನ್?

ಆಗುಂಬೆಗೆ ರೈಲಿಲ್ಲ! ಅಂದೂ ಇರಲಿಲ್ಲ, ಇಂದೂ ಇಲ್ಲ. ಆ ಕಡಿದಾದ ಘಟ್ಟದ ತುದಿಗೆ ಹಳಿ ಹಾಕುವ ಮಾತನ್ನು ಯಾರು ಆಡಿಯಾರು? ಯಾವ ಊರು ರೈಲು ನಿಲ್ದಾಣದಿಂದಲೇ ಹುಟ್ಟಿತೋ ಆ ಊರಿಗೆ ಸಿಕ್ಕ ಜಾಗದಲ್ಲಿ ಹಳಿಯ ಸುಳಿವೇ ಇಲ್ಲ. ಸ್ಟೇಷನ್ನಿಲ್ಲದ ಮಾಲ್ಗುಡಿಯೆಂದರೆ ಮಾಲ್ಗುಡಿಯೇ ಅಲ್ಲ.

ತಂಡ ತೀರ್ಥಹಳ್ಳಿಯನ್ನೂ ದಾಟಿ ಬಹುದೂರ ಬರಬೇಕಾಯಿತು. ಹೊಸನಗರ ತಾಲ್ಲೂಕಿನಲ್ಲಿ, ರಿಪ್ಪನ್‌ಪೇಟೆಯ ಹತ್ತಿರ, ಶಿವಮೊಗ್ಗದಿಂದ ಸುಮಾರು 35 ಕಿಲೋಮೀಟರ್ ದೂರದ ಅರಸಾಳಿಗೆ. ತಾಳಗುಪ್ಪದ ಗಾಡಿಯಲ್ಲಿ ಓಡಾಡುವವರು ಕಿಟಕಿಯಿಂದ ಒಮ್ಮೆ ನೋಡಿ ಮರೆತುಬಿಡುವಂಥ ಸ್ಟೇಷನ್. ಹಂಚಿನ ಮಾಡು, ಸಣ್ಣ ಕಟ್ಟಡ, ಒಂಟಿ ಹಳಿ, ಸುತ್ತ ಮರಗಳು. ಅಷ್ಟೇ. ಅದನ್ನು ನೋಡಿದ ನಿರ್ದೇಶಕನಿಗೆ ಎಷ್ಟು ಖುಷಿಯಾಗಿರಬೇಡ, ಯೋಚಿಸಿ!

ಯಾಕೆಂದರೆ ಚಿತ್ರೀಕರಣ ಮಾಡುವವರಿಗೆ ಸ್ಟೇಷನ್ ಎಂಬುದು ಮಹಾ ತಲೆನೋವಿನ ಜಾಗ. ಮನೆಯಾದರೆ ಬಾಗಿಲು ಹಾಕಿಕೊಂಡು ಶೂಟಿಂಗ್ ಮಾಡಬಹುದು, ಬೀದಿಯಾದರೆ ಊರವರಿಗೆ ಕೈಮುಗಿದು ಒಂದು ಗಂಟೆ ಜನ ತಡೆಯಬಹುದು. ರೈಲನ್ನು ತಡೆಯಲಾದೀತೇ? ದೊಡ್ಡ ಜಂಕ್ಷನ್ನಿನಲ್ಲಿ ಒಂದು ಶಾಟ್ ಮುಗಿಯುವಷ್ಟರಲ್ಲಿ ಮೂರು ಗಾಡಿ ಬಂದು ಹೋಗುತ್ತವೆ, ಮೈಕು ಕೂಗುತ್ತದೆ, ಸಾವಿರ ಮಂದಿ ಕ್ಯಾಮೆರಾ ನೋಡಿ ನಗುತ್ತಾರೆ. ಶಾಖಾ ಮಾರ್ಗದ ಸಣ್ಣ ಸ್ಟೇಷನ್ನಿನಲ್ಲಿ ಹಾಗಲ್ಲ. ದಿನಕ್ಕೆ ಬೆರಳೆಣಿಕೆಯ ಗಾಡಿಗಳು. ಒಂದು ಹೋಯಿತೆಂದರೆ ಇನ್ನೊಂದು ಬರುವ ತನಕ ಪ್ಲಾಟ್‌ಫಾರ್ಮೆಲ್ಲ ನಿಮ್ಮದೇ. ರೈಲು ಬರುವ ದೃಶ್ಯವೇ ಬೇಕೆಂದರೆ ಮಾತ್ರ ಪೇಚಾಟ ಶುರು. ನಟ ಡೈಲಾಗ್ ತಪ್ಪಿದರೆ 'ಇನ್ನೊಂದ್ ಟೇಕ್' ಎನ್ನುವುದು ಸುಲಭ, ರೈಲಿಗೆ ಹೇಳುವುದು ಹೇಗೆ? ಅದು ಹಿಂದಕ್ಕೆ ಹೋಗಿ, ಸಿಗ್ನಲ್ಲಿನಾಚೆ ನಿಂತು, ಮತ್ತೆ ಬರಬೇಕು.

ಕಾಲದ ಪ್ರಶ್ನೆ ಬೇರೆ. ಕಥೆ ನಡೆಯುವುದು ಬ್ರಿಟಿಷರ ಕಾಲದಲ್ಲಿ, ಚಿತ್ರೀಕರಣ 1980ರ ದಶಕದ ನಡುವೆ. ನಡುವಿನ ಐವತ್ತು ವರ್ಷಗಳನ್ನು ಅಳಿಸಬೇಕು. ಪೇಟೆಯ ಸ್ಟೇಷನ್ನುಗಳಲ್ಲಿ ಅದು ಆಗದ ಮಾತು: ತಲೆಯ ಮೇಲೆ ಕರೆಂಟಿನ ತಂತಿ, ಟ್ಯೂಬ್‌ಲೈಟು, ಕಾಂಕ್ರೀಟು, ಜಾಹೀರಾತಿನ ಬೋರ್ಡು. ಅರಸಾಳಿನಂಥ ಕಡೆ ಆ ಐವತ್ತು ವರ್ಷ ಬಂದೇ ಇರಲಿಲ್ಲ! ಕಟ್ಟಿದಾಗ ಇದ್ದ ಹಂಚು, ಕಟ್ಟಿದಾಗ ಇದ್ದ ಮೀಟರ್‌ಗೇಜು. ದೇಶದ ಮೀಟರ್‌ಗೇಜ್ ಮಾರ್ಗಗಳಲ್ಲಿ ಆಗಿನ್ನೂ ಉಗಿ ಎಂಜಿನ್‌ಗಳು ಓಡುತ್ತಿದ್ದವು. ಲಕ್ಷಗಟ್ಟಲೆ ಸುರಿದು ಸೆಟ್ ಹಾಕಿದರೂ ಬಾರದ ಹಳತನ ಅಲ್ಲಿ ಪುಕ್ಕಟೆಯಾಗಿ ಬಿದ್ದಿತ್ತು. ಬದಲಿಸಬೇಕಾದ್ದು ಮುಖ್ಯವಾಗಿ ಒಂದನ್ನು: ಊರಿನ ಹೆಸರಿನ ಬೋರ್ಡನ್ನು. ಅರಸಾಳು ಹೋಗಿ ಮಾಲ್ಗುಡಿ ಬಂತು. ಅಲ್ಲಿಗೆ, 1930ರಲ್ಲಿ ಬೆಂಗಳೂರಿನ ಕೋಣೆಯಲ್ಲಿ ಕಂಡ ಸ್ಟೇಷನ್ನು ಮಲೆನಾಡಿನ ಕೆಮ್ಮಣ್ಣಿನ ಮೇಲೆ ಬಂದು ಕೂತಿತು.

ಅಂಥ ಸ್ಟೇಷನ್ನುಗಳ ಒಳಗನ್ನು ನೀವು ಕಂಡಿದ್ದೀರಾ? ನಮ್ಮ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಕೌಂಟರಿನ ಕಿಂಡಿಯ ಹಿಂದೆ ಮರದ ಟಿಕೆಟ್ ಬೀರು, ಅದರ ಸಣ್ಣ ಸಣ್ಣ ಗೂಡುಗಳಲ್ಲಿ ಒಂದೊಂದು ಊರಿನ ಟಿಕೆಟ್ಟುಗಳು ಕಂತೆ ಕಂತೆಯಾಗಿ. ಟಿಕೆಟ್ ಎಂದರೆ ಗಟ್ಟಿ ರಟ್ಟಿನ ತುಂಡು, 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲ. ಇಂಗ್ಲೆಂಡಿನ ಸಣ್ಣ ಸ್ಟೇಷನ್ ಒಂದರಲ್ಲಿ ಮಾಸ್ತರರಾಗಿದ್ದ ಥಾಮಸ್ ಎಡ್ಮಂಡ್‌ಸನ್ ಎಂಬಾತ 1830ರ ದಶಕದಲ್ಲಿ ಪ್ರತಿ ಟಿಕೆಟ್ ಕೈಯಲ್ಲಿ ಬರೆದು ಬೇಸತ್ತು ಕಂಡುಹಿಡಿದ ಈ ರಟ್ಟು, ಅಳತೆಯನ್ನೂ ಬಿಡದೆ ನಮ್ಮ ಮಲೆನಾಡಿನವರೆಗೆ ಬಂದಿತ್ತು! ಮಾಸ್ತರರು ಟಿಕೆಟ್ ತೆಗೆದು ತಾರೀಕಿನ ಯಂತ್ರದ ಸಂದಿಯಲ್ಲಿ ತೂರಿಸಿ 'ಟಕ್' ಎನ್ನಿಸಿದರೆ ಅಂಚಿಗೆ ಆ ದಿನದ ತಾರೀಕು ಬೀಳುತ್ತಿತ್ತು. ಮಕ್ಕಳಾದರೆ ಅದೇ ಟಿಕೆಟ್ಟಿನ ಒಂದು ಮೂಲೆ ಕತ್ತರಿಸಿ ಅರ್ಧ ಟಿಕೆಟ್. ಸ್ವಾಮಿಯ ಕೈಗೆ ಸಿಗಬೇಕಾದದ್ದು ಅಂಥ ಮೂಲೆ ಹೋದ ರಟ್ಟೇ.

ಹೊರಗೆ ತೂಗುಹಾಕಿದ ಹಳಿಯ ತುಂಡು, ಅದೇ ಗಂಟೆ. ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿ ಬಾರದಂತೆ ಕಾಯಲು ಟೋಕನ್ ಪದ್ಧತಿ: ಆ ಟೋಕನ್ ಕೈಲಿದ್ದ ಡ್ರೈವರ್ ಮಾತ್ರ ಮುಂದಿನ ಸ್ಟೇಷನ್ನಿನವರೆಗೆ ಹೋಗಬಹುದು. ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಅದನ್ನಿಟ್ಟು, ಓಡುವ ಎಂಜಿನ್ನಿನತ್ತ ಕೈ ಚಾಚಿ ನಿಲ್ಲುತ್ತಿದ್ದರು. ಡ್ರೈವರ್ ತೋಳು ತೂರಿಸಿ ಬಳೆಯನ್ನು ಕಸಿದುಕೊಂಡು ಹೋಗುತ್ತಿದ್ದ. ಇದನ್ನೆಲ್ಲ ಯಾವ ಕಲಾ ನಿರ್ದೇಶಕ ಹೊಸದಾಗಿ ಹುಟ್ಟಿಸಬೇಕು ಹೇಳಿ? ರೈಲ್ವೆಯೇ ಬರೆದಿಟ್ಟ ನಾಟಕ ಅದು.

ತೆರೆಯ ಮೇಲೆ ಆದ ಚಮತ್ಕಾರ ಇದಕ್ಕೂ ದೊಡ್ಡದು. 1986-87ರ ಹೊತ್ತಿಗೆ ಧಾರಾವಾಹಿ ದೂರದರ್ಶನದಲ್ಲಿ ಬರತೊಡಗಿತು. ಆಗ ಮನೆಮನೆಯಲ್ಲೂ ಟಿವಿ ಇರಲಿಲ್ಲ, ಇದ್ದ ಮನೆಯಲ್ಲಿ ಬೀದಿಯವರೆಲ್ಲ ಕೂರುತ್ತಿದ್ದರು. ದಿಲ್ಲಿಯವರಿಗೆ, ಕಲ್ಕತ್ತದವರಿಗೆ, ಲಖನೌದವರಿಗೆ ಕಂಡದ್ದು ಒಂದೇ ಊರು. ಸ್ಟೇಷನ್ನಿನಿಂದ ಹೊರಟರೆ ಮಾರುಕಟ್ಟೆ, ಮಾರುಕಟ್ಟೆ ದಾಟಿದರೆ ಸ್ವಾಮಿಯ ಮನೆ. ನಡೆದೇ ಹೋಗಬಹುದು! ಮಲೆನಾಡಿನವರಿಗಷ್ಟೇ ಗೊತ್ತು ಅದರ ಗುಟ್ಟು. ಪ್ಲಾಟ್‌ಫಾರ್ಮಿನಿಂದ ಮನೆಯ ಜಗುಲಿಗೆ ಹೋಗಬೇಕಾದರೆ ಅರಸಾಳಿನಲ್ಲಿ ಬಸ್ ಹತ್ತಿ, ರಿಪ್ಪನ್‌ಪೇಟೆ, ತೀರ್ಥಹಳ್ಳಿ ಎಂದು ತಿರುವು ತಿರುವು ದಾಟಿ ಆಗುಂಬೆಯಲ್ಲಿ ಇಳಿಯಬೇಕು, ಒಂದು ಹೊತ್ತೇ ಬೇಕು. ಎಡಿಟಿಂಗ್ ಮೇಜಿನ ಮೇಲೆ ಕತ್ತರಿ ಆಡಿಸಿ, ಎರಡು ತುಂಡು ಫಿಲ್ಮ್ ಅಂಟಿಸಿ, ನಡುವಿನ ಅಷ್ಟೂ ಕಾಡು, ತುಂಗಾ ನದಿ, ಘಟ್ಟದ ಮಳೆ ಎಲ್ಲವನ್ನೂ ಶಂಕರ್ ನಾಗ್ ಮಂಗಮಾಯ ಮಾಡಿಬಿಟ್ಟರು. ನಮ್ಮ ಜಿಲ್ಲೆಯ ರಸ್ತೆಗಳನ್ನು ಇಷ್ಟು ಚೆನ್ನಾಗಿ ಹತ್ತಿರ ಮಾಡಿದ ಇಂಜಿನಿಯರ್ ಇನ್ನೊಬ್ಬರಿಲ್ಲ ಎಂದರೆ ಪಿಡಬ್ಲ್ಯುಡಿಯವರು ಬೇಸರ ಮಾಡಿಕೊಳ್ಳಬಾರದು.

'ಗೈಡ್' ವಿಷಯದಲ್ಲಿ ಅಷ್ಟು ನೊಂದಿದ್ದ ನಾರಾಯಣ್ ಈ ಧಾರಾವಾಹಿಯನ್ನು ಮೆಚ್ಚಿದರು, ಕಥೆಗೆ ನಿಷ್ಠರಾಗಿದ್ದಾರೆ ಎಂಬ ಸಮಾಧಾನ ಅವರದು. ರಾಜಸ್ಥಾನಕ್ಕೆ ಓಡಿಹೋಗಿದ್ದ ಮಾಲ್ಗುಡಿ ಹಳೇ ಮೈಸೂರು ಸಂಸ್ಥಾನದ ಗಡಿಯೊಳಕ್ಕೆ ಮರಳಿತ್ತಲ್ಲ. ಶಂಕರ್ ನಾಗ್ ಮಾತ್ರ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನ ಹತ್ತಿರ ಅಪಘಾತದಲ್ಲಿ ಹೋಗಿಬಿಟ್ಟರು. ವಯಸ್ಸು 35. ಬೆಂಗಳೂರಿಗೆ ಮೆಟ್ರೊ ಬೇಕೆಂದು ಆ ಕಾಲಕ್ಕೇ ಹಂಬಲಿಸಿದ್ದ ಮನುಷ್ಯ. ಅವರಿಗೂ ರೈಲಿಗೂ ಏನೋ ನಂಟಿತ್ತೆಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇತ್ತ ಅರಸಾಳು ತನ್ನ ಪಾಡಿಗೆ ಮತ್ತೆ ಅರಸಾಳಾಯಿತು. ಬೋರ್ಡು ಬದಲಾಯಿತು, ಜನ ಹತ್ತಿ ಇಳಿದರು. ಮೀಟರ್‌ಗೇಜಿನ ಕೊನೆಗಾಲದಲ್ಲಿ ಆ ಮಾರ್ಗದಲ್ಲಿ ರೈಲ್‌ಬಸ್ ಓಡಿತು, ಬಸ್ಸಿಗೆ ಹಳಿಯ ಚಕ್ರ ಹಾಕಿದಂತಿದ್ದ ಆ ಒಂಟಿ ಡಬ್ಬಿಯನ್ನು ಕಂಡವರು ಇಂದಿಗೂ ನೆನೆದು ನಗುತ್ತಾರೆ. ಆಮೇಲೆ ಗೇಜ್ ಪರಿವರ್ತನೆ. 1,000 ಮಿಲಿಮೀಟರ್ ಅಗಲದ ಹಳಿ ಕಿತ್ತು 1,676 ಮಿಲಿಮೀಟರ್ ಅಗಲದ್ದನ್ನು ಹಾಕುವುದೆಂದರೆ ಬರೀ ಕಬ್ಬಿಣ ಸರಿಸುವ ಕೆಲಸವಲ್ಲ. ಸೇತುವೆ ಬದಲಾಗಬೇಕು, ತಿರುವು ಬದಲಾಗಬೇಕು, ಪ್ಲಾಟ್‌ಫಾರ್ಮ್ ಎತ್ತರಿಸಬೇಕು, ಉದ್ದ ಮಾಡಬೇಕು. ಅರಸಾಳಿಗೆ ಹೊಸ ಸ್ಟೇಷನ್ ಕಟ್ಟಡ ಬಂತು. ಹಳೆಯದಕ್ಕೆ ಕೆಲಸವಿಲ್ಲದಂತಾಯಿತು. ಮಲೆನಾಡಿನಲ್ಲಿ ಕೆಲಸವಿಲ್ಲದ ಹಂಚಿನ ಕಟ್ಟಡದ ಗತಿ ಏನೆಂದು ನಮ್ಮವರಿಗೆ ಹೇಳಬೇಕಿಲ್ಲ. ಒಂದು ಮಳೆಗಾಲಕ್ಕೆ ಒಂದು ಹಂಚು ಜಾರುತ್ತದೆ, ಮುಂದಿನ ಮಳೆಗಾಲಕ್ಕೆ ಪಕಾಸಿ ಕೊಳೆಯುತ್ತದೆ, ಮೂರನೆಯದಕ್ಕೆ ಗೋಡೆ ನೀರು ಕುಡಿಯತೊಡಗುತ್ತದೆ.

ಬಿದ್ದೇ ಹೋಗಬೇಕಿತ್ತು. ಬೀಳಲಿಲ್ಲ! ನೈರುತ್ಯ ರೈಲ್ವೆಯ ಮೈಸೂರು ವಿಭಾಗ ಆ ಹಳೆಯ ಕಟ್ಟಡವನ್ನು ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆಯಿತು. ಆ ಕೆಲಸಕ್ಕೆ ಕೈ ಹಚ್ಚಿದ ಕಲಾವಿದ ಯಾರು? ಅದೇ ಜಾನ್ ದೇವರಾಜ್! ಮೂರು ದಶಕದ ಹಿಂದೆ ಧಾರಾವಾಹಿಗಾಗಿ ಆಗುಂಬೆಯನ್ನು ಮಾಲ್ಗುಡಿ ಮಾಡಿದವರೇ ಈಗ ಅರಸಾಳಿನ ಸ್ಟೇಷನ್ನನ್ನು ಶಾಶ್ವತವಾಗಿ ಮಾಲ್ಗುಡಿ ಮಾಡಿದರು. ಅಲ್ಲಿ ಮಾಲ್ಗುಡಿಯ ಪಾತ್ರಗಳ ಕಲಾಕೃತಿಗಳಿವೆ, ಚಿತ್ರೀಕರಣದ ನೆನಪುಗಳಿವೆ. ಹಳೆಯ ಮೀಟರ್‌ಗೇಜ್ ಬೋಗಿಯೊಂದನ್ನು ಅಲ್ಲೇ ನಿಲ್ಲಿಸಿ 'ಮಾಲ್ಗುಡಿ ಚಾಯ್' ಎಂಬ ಚಹಾದಂಗಡಿ ಮಾಡಿದ್ದಾರೆ. ನನಗಂತೂ ಗೊಂಬೆಗಳಿಗಿಂತ ಆ ಕಟ್ಟಡವೇ ದೊಡ್ಡ ಪ್ರದರ್ಶನ. ಮಾಡಿನ ಇಳಿಜಾರು, ಮಳೆ ಎರಚಲು ಒಳಗೆ ಬಾರದಂತೆ ಮುಂದಕ್ಕೆ ಚಾಚಿದ ಸೂರು, ನಾಲ್ಕು ಹೆಜ್ಜೆಯಲ್ಲಿ ಮುಗಿದುಹೋಗುವ ಮಾಸ್ತರರ ಕೋಣೆ. ಇಷ್ಟೇ ಇಷ್ಟು ಜಾಗದಿಂದ ಇಡೀ ದೇಶ ನಂಬಿದ ಊರು ಹೊರಟಿತೇ!

ರೈಲ್ವೆ ಇಲಾಖೆ ಎಂದರೆ ಲೆಕ್ಕಪತ್ರದ ಇಲಾಖೆ. ವೇಳಾಪಟ್ಟಿಯಲ್ಲಿ ಇಲ್ಲದ ನಿಮಿಷಕ್ಕೂ ಅದು ಲೆಕ್ಕ ಕೇಳುತ್ತದೆ. ಅಂಥ ಇಲಾಖೆ ತನ್ನ ಯಾವ ವೇಳಾಪಟ್ಟಿಯಲ್ಲೂ ಇಲ್ಲದ, ಯಾವ ಗಾಡಿಯೂ ಒಮ್ಮೆಯೂ ನಿಲ್ಲದ, ಇಲ್ಲವೇ ಇಲ್ಲದ ಒಂದು ಸ್ಟೇಷನ್ನಿಗಾಗಿ ಕಡತ ತೆರೆದು, ಟಿಪ್ಪಣಿ ಬರೆದು, ಮಂಜೂರಾತಿ ಕೊಟ್ಟು, ಹಣ ಖರ್ಚು ಮಾಡಿದೆ. ಸಾಹಿತ್ಯಕ್ಕೆ ನಮ್ಮಲ್ಲಿ ಬೇಕಾದಷ್ಟು ಪ್ರಶಸ್ತಿಗಳಿವೆ, 'ದಿ ಗೈಡ್'ಗೂ ಸಾಹಿತ್ಯ ಅಕಾಡೆಮಿಯದು ಬಂದಿದೆ. ಇದು ಅದಕ್ಕಿಂತ ದೊಡ್ಡದೆಂದು ನನ್ನ ಲೆಕ್ಕ. ಸ್ಟೇಷನ್ನಿನ ಹೆಸರನ್ನೇ ಮಾಲ್ಗುಡಿ ಎಂದು ಬದಲಿಸಬೇಕೆಂಬ ಮಾತೂ ಕೇಳಿಬಂದಿತ್ತು. ಅದು ಮಾತ್ರ ಬೇಡ. ಅರಸಾಳಿನವರ ಊರಿಗೆ ಅವರದೇ ಹೆಸರಿದೆ, ನಟನಿಗೆ ಪಾತ್ರದ ಹೆಸರನ್ನೇ ಇಟ್ಟುಬಿಟ್ಟರೆ ಅವನು ನಟಿಸಿದ್ದಕ್ಕೆ ಗೌರವ ಎಲ್ಲಿ ಉಳಿಯಿತು?

ಸಿನಿಮಾದ ನೆರಳು ಬಿದ್ದ ಸ್ಟೇಷನ್ನುಗಳು ಬೇರೆ ಕಡೆಯೂ ಇವೆ. ಪನ್ವೇಲ್ ಹತ್ತಿರದ ಆಪ್ಟಾ ಸ್ಟೇಷನ್ನಿನಲ್ಲಿ 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಚಿತ್ರದ ಕೊನೆಯ ಓಟ ನಡೆಯಿತು, ಇಂದಿಗೂ ಜನ ಅಲ್ಲಿ ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಅರಸಾಳಿಗೆ ನಿಜವಾದ ಬಂಧು ಇರುವುದು ಇಂಗ್ಲೆಂಡಿನಲ್ಲಿ, ಲ್ಯಾಂಕಾಷೈರಿನ ಕಾರ್ನ್‌ಫರ್ತ್‌ನಲ್ಲಿ. 1945ರ ಫೆಬ್ರವರಿ, ಯುದ್ಧ ಇನ್ನೂ ಮುಗಿದಿಲ್ಲ, ರಾತ್ರಿ ದೀಪ ಹಚ್ಚಿದರೆ ಬಾಂಬು ಬೀಳುವ ಭಯ. ಡೇವಿಡ್ ಲೀನ್ ತಮ್ಮ 'ಬ್ರೀಫ್ ಎನ್‌ಕೌಂಟರ್' ಚಿತ್ರಕ್ಕೆ ರಾತ್ರಿಯ ಸ್ಟೇಷನ್ ಹುಡುಕುತ್ತಿದ್ದರು. ಲಂಡನ್ನಿನಿಂದ ಬಹಳ ಉತ್ತರಕ್ಕಿದ್ದ ಕಾರ್ನ್‌ಫರ್ತ್ ಆಯ್ಕೆಯಾದದ್ದೇ, ವೈರಿ ವಿಮಾನ ಬಂದರೂ ದೀಪ ಆರಿಸಲು ಸಮಯ ಸಿಗುತ್ತದೆ ಎಂಬ ಲೆಕ್ಕದಿಂದ!

ಅಲ್ಲಿ ಆಮೇಲೆ ಆದದ್ದನ್ನು ಕೇಳಿ. ಆ ಚಿತ್ರದ ಪ್ರೇಮಿಗಳು ಮತ್ತೆ ಮತ್ತೆ ಬಂದು ಕೂರುವ ಸ್ಟೇಷನ್ನಿನ ಚಹಾದಂಗಡಿ ನಿಜವಾದ ಅಂಗಡಿಯಲ್ಲ, ಕಾರ್ನ್‌ಫರ್ತ್‌ನ ಅಂಗಡಿ ನೋಡಿ ಡೆನ್‌ಹ್ಯಾಮ್ ಸ್ಟುಡಿಯೊದಲ್ಲಿ ಹಾಕಿದ ಸೆಟ್. ವರ್ಷಗಳು ಉರುಳಿ ಸ್ಟೇಷನ್ ಹಾಳು ಬಿತ್ತು. ಊರವರು ಪಟ್ಟುಹಿಡಿದು ಅದನ್ನು ಎತ್ತಿ ನಿಲ್ಲಿಸಿ 2003ರಲ್ಲಿ ಹೆರಿಟೇಜ್ ಸೆಂಟರ್ ತೆರೆದರು. ಚಹಾದಂಗಡಿಯನ್ನೂ ಮತ್ತೆ ಮಾಡಿದರು. ಹೇಗೆ ಮಾಡಿದರು? ಸಿನಿಮಾದ ಸೆಟ್ ನೋಡಿಕೊಂಡು! ಅಸಲಿ ಅಂಗಡಿಯನ್ನು ನೋಡಿ ನಕಲಿ ಹುಟ್ಟಿತು, ನಕಲಿಯನ್ನು ನೋಡಿ ಅಸಲಿ ಮರುಹುಟ್ಟು ಪಡೆಯಿತು. ಅರಸಾಳಿನಲ್ಲಿ ಇನ್ನೂ ಒಂದು ಸುತ್ತು ಹೆಚ್ಚು. ಕಾರ್ನ್‌ಫರ್ತ್ ಚಿತ್ರದಲ್ಲಿ ಒಂದು ಸ್ಟೇಷನ್ ಆಗಿತ್ತಷ್ಟೇ, ನಮ್ಮದು ಒಂದು ಇಡೀ ಊರಿನ ಮೂಲಸ್ಥಾನದ ಪಾತ್ರ ಮಾಡಿತು.

ಹೋಗಿ ನೋಡಬೇಕೆನ್ನಿಸಿದರೆ ಒಂದು ಕಿವಿಮಾತು. ಮೈಸೂರು–ಬೆಂಗಳೂರು ಹಾದಿಯ ಒಂದು ಗಾಡಿಗೆ ರೈಲ್ವೆಯವರು 'ಮಾಲ್ಗುಡಿ ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟಿದ್ದರು. ಹೆಸರಿಗೆ ಮರುಳಾಗಿ ಅದನ್ನು ಹತ್ತಬೇಡಿ, ಅದಕ್ಕೂ ಅರಸಾಳಿಗೂ ಸಂಬಂಧವೇ ಇಲ್ಲ. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣರ ಮನೆ ಇದೆ, 2016ರಿಂದ ಅದೂ ಮ್ಯೂಸಿಯಂ. ಅದನ್ನು ನೋಡಿಕೊಂಡು, ಸ್ಟೇಷನ್ನಿಗೆ ಬಂದು ತಾಳಗುಪ್ಪದ ಗಾಡಿ ಹಿಡಿಯಿರಿ. ಅರಸಾಳಿನಲ್ಲಿ ಎಲ್ಲ ಗಾಡಿಗಳೂ ನಿಲ್ಲುತ್ತವೆಂದುಕೊಳ್ಳದೆ ಮೊದಲೇ ವಿಚಾರಿಸಿಕೊಳ್ಳಿ. ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ಸಿಗೆ 2022ರಲ್ಲಿ ಹೊಸ ಹೆಸರು ಬಂದಿದೆ: ಕುವೆಂಪು ಎಕ್ಸ್‌ಪ್ರೆಸ್! ಕುವೆಂಪು ಹುಟ್ಟಿದ್ದು 1904ರಲ್ಲಿ, ನಾರಾಯಣ್ 1906ರಲ್ಲಿ. ಇಬ್ಬರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದವರು, ಮೈಸೂರಿನಲ್ಲೇ ಮನೆ ಮಾಡಿದವರು. ಒಬ್ಬರು ತಾವು ಹುಟ್ಟಿದ ಮಲೆನಾಡನ್ನು ಕನ್ನಡದಲ್ಲಿ ಬರೆದರು, ಇನ್ನೊಬ್ಬರು ಎಲ್ಲೂ ಇಲ್ಲದ ಊರನ್ನು ಇಂಗ್ಲಿಷಿನಲ್ಲಿ ಬರೆದರು. ಈಗ ಆ ಇಲ್ಲದ ಊರಿನ ಸ್ಟೇಷನ್ ಇರುವ ಹಳಿಯ ಮೇಲೆ ಓಡುತ್ತಿರುವುದು ಕುವೆಂಪು ಹೆಸರಿನ ಗಾಡಿ. ಕೌಂಟರಿನಲ್ಲಿ ಮಾತ್ರ ಅರಸಾಳು ಎಂದೇ ಟಿಕೆಟ್ ಕೇಳಿ.